ಮರಳಿಗೆ ಯಾವ ಟೈರು? ಉತ್ತರ ಹುಡುಕಿದ್ದು ಲಿಬಿಯಾ ಮರುಭೂಮಿಯಲ್ಲಿ

1/9

1940ರ ಡಿಸೆಂಬರ್ ಕೊನೆ. ಎರಡನೇ ಮಹಾಯುದ್ಧ ನಡೀತಿದೆ. ಈಜಿಪ್ಟಿನ ಕೈರೋದಿಂದ 76 ಜನ 23 ಗಾಡಿಗಳಲ್ಲಿ ಪಶ್ಚಿಮಕ್ಕೆ ಹೊರಡ್ತಾರೆ. ಗುರಿ: ಲಿಬಿಯಾದ ಒಳಗೆ, ಇಟಲಿಯವರ ಹಿಡಿತದಲ್ಲಿದ್ದ ಮುರ್ಝುಕ್ ಕೋಟೆ. ದಾರಿಯುದ್ದಕ್ಕೂ ಮರಳು, ಕಲ್ಲು, ಮತ್ತೆ ಮರಳು. ಪೆಟ್ರೋಲ್ ಬಂಕ್ ಇಲ್ಲ, ರಸ್ತೆ ಇಲ್ಲ, ಬಾವಿಗಳು ಬೆರಳೆಣಿಕೆ.

ದಾಳಿ ಮುಗಿಸಿ ಫೆಬ್ರವರಿ 9ಕ್ಕೆ ಕೈರೋಗೆ ವಾಪಸ್ ಬಂದಾಗ ಅವರು ಓಡಿಸಿದ್ದು ಸುಮಾರು 4,500 ಮೈಲಿ. ಅಂದ್ರೆ 7,200 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿಂದ ಲೇಹ್‌ಗೆ ಹೋಗಿ ಬಂದಷ್ಟು. ಅದೂ ಟಾರು ರಸ್ತೆ ಇಲ್ಲದೆ.

ಈಗ ಮಜಾ ಕೇಳಿ. ಅವರ ಷೆವರ್ಲೆ ಲಾರಿಗಳು ಫೋರ್ ವೀಲ್ ಡ್ರೈವ್ ಅಲ್ಲ. ಎಂಜಿನ್ ಶಕ್ತಿ ಹೋಗ್ತಿದ್ದದ್ದು ಹಿಂದಿನ ಚಕ್ರಗಳಿಗೆ ಮಾತ್ರ.

ಹಾಗಾದ್ರೆ ಹೂತುಹೋಗದೆ ಹೇಗೆ ಓಡಿದ್ವು? ಉತ್ತರದ ದೊಡ್ಡ ಪಾಲು ಇರೋದು ಟೈರಲ್ಲಿ. ಗಾಡಿ ತಗೊಂಡು ಲಾಂಗ್ ಟ್ರಿಪ್ ಹೋಗೋ ಕನಸಿರೋ ಎಲ್ಲರೂ ಓದಬೇಕಾದ ಇತಿಹಾಸ ಇದು. ಪ್ರಾಕ್ಟಿಕಲ್ ಲೆಕ್ಕ ಕೊನೇ ಪೋಸ್ಟ್‌ನಲ್ಲಿದೆ, ಆದ್ರೆ ನೇರ ಅಲ್ಲಿಗೆ ಹಾರಬೇಡಿ. ಹಿಂದಿನದು ಗೊತ್ತಿದ್ರೇನೇ ಅದು ಅರ್ಥ ಆಗೋದು.

2/9
ಸಣಕಲು ಟೈರಿನ ಕಾಲ

ಮೊದಲ ಮಹಾಯುದ್ಧದಲ್ಲೇ ಬ್ರಿಟಿಷರ ಲಘು ಕಾರು ಪಡೆಗಳು ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ ಗಸ್ತು ತಿರುಗ್ತಿದ್ವು. ಗಾಡಿ: ಫೋರ್ಡ್ ಮಾಡೆಲ್ ಟಿ. ಹಗುರ, ಎತ್ತರ, ರಿಪೇರಿ ಸುಲಭ.

ಟೈರ್ ಮಾತ್ರ ಸಣಕಲು. ಮಾಡೆಲ್ ಟಿ ಹಿಂದಿನ ಟೈರಿನ ಸೈಜ್ 30×3½. ಅಂದ್ರೆ ಹೊರಗಿನ ವ್ಯಾಸ 30 ಇಂಚು, ಅಗಲ ಬರೀ ಮೂರೂವರೆ ಇಂಚು. ಒಳಗೆ ಗಾಳಿ 50 ಪಿಎಸ್‌ಐ ಮೀರಿ ಇರ್ತಿತ್ತು. ಈಗಿನ ಕಾರುಗಳಿಗೆ 30-35 ಹೊಡೆಸ್ತೀವಲ್ಲ, ಅದಕ್ಕಿಂತ ತುಂಬಾ ಗಟ್ಟಿ.

ಗಟ್ಟಿ ನೆಲದ ಮೇಲೆ ಇದು ಸರಿ. ಮೆತ್ತನೆ ಮರಳಲ್ಲಿ? ಹೈ ಹೀಲ್ಸ್ ಹಾಕ್ಕೊಂಡು ಬೀಚ್ ಮೇಲೆ ನಡೆದ ಹಾಗೆ. ಭಾರವೆಲ್ಲ ಸಣ್ಣ ಜಾಗದ ಮೇಲೆ ಬೀಳುತ್ತೆ, ಕಾಲು ಒಳಗೆ ಇಳಿಯುತ್ತೆ. ಹಾಗಾಗಿ ಆ ಕಾಲದ ಡ್ರೈವರ್‌ಗಳು ಆದಷ್ಟು ಗಟ್ಟಿ ನೆಲ ಹುಡುಕಿಕೊಂಡು ಓಡಾಡ್ತಿದ್ರು. ಸುಮಾರು 72,000 ಚದರ ಕಿ.ಮೀ. ಹರಡಿರೋ, ಸಾಲು ಸಾಲು ದಿಬ್ಬಗಳ ‘ಮಹಾ ಮರಳು ಸಮುದ್ರ’ದ ಒಳಗೆ ಕಾರು ಹೋಗೋದು ಅಸಾಧ್ಯ ಅಂತಲೇ ತುಂಬಾ ಜನ ನಂಬಿದ್ರು.

3/9
ಟೈರೇ ಬೇಡ ಅಂದವರು

ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಬೇರೆ ದಾರಿ ಹಿಡೀತು. ಅಡಾಲ್ಫ್ ಕೆಗ್ರೆಸ್ ಅನ್ನೋ ಫ್ರೆಂಚ್ ಮೆಕ್ಯಾನಿಕ್ ರಷ್ಯಾದ ಚಕ್ರವರ್ತಿ ಎರಡನೇ ನಿಕೋಲಸ್‌ನ ಕಾರುಗಳನ್ನು ನೋಡ್ಕೊಳ್ತಿದ್ದ. ಹಿಮದಲ್ಲಿ ಓಡಲಿ ಅಂತ ಹಿಂದಿನ ಚಕ್ರಗಳ ಜಾಗದಲ್ಲಿ ಮೆತ್ತನೆಯ ಪಟ್ಟಿ ಸುತ್ತೋ ವ್ಯವಸ್ಥೆ ಮಾಡಿದ್ದ. ಟ್ಯಾಂಕಿನ ಚೈನ್ ಇರುತ್ತಲ್ಲ, ಅದೇ ಐಡಿಯಾ, ಆದ್ರೆ ಹಗುರ.

ಹಿಮಕ್ಕೆ ಆಗೋದು ಮರಳಿಗೂ ಆಗುತ್ತಾ? ಆಯ್ತು. 1922ರ ಡಿಸೆಂಬರ್ 17ರಂದು ಅಲ್ಜೀರಿಯಾದ ಟೂಗುರ್ಟ್‌ನಿಂದ ಹೊರಟ ಐದು ಸಿಟ್ರೊಯೆನ್ ಗಾಡಿಗಳು 1923ರ ಜನವರಿ 7ಕ್ಕೆ ಟಿಂಬಕ್ಟು ಮುಟ್ಟಿದ್ವು. ಕಾರಿನಲ್ಲಿ ಸಹಾರಾ ದಾಟಿದ ಮೊದಲ ತಂಡ ಅದು. ಈಜಿಪ್ಟಿನ ರಾಜಕುಮಾರ ಕೆಮಾಲ್ ಎಲ್ ದಿನ್ ಕೂಡ ಇಂಥವೇ ಗಾಡಿಗಳಲ್ಲಿ ಲಿಬಿಯಾ ಮರುಭೂಮಿ ಸುತ್ತಿದ. ಗಿಲ್ಫ್ ಕೆಬೀರ್ ಪ್ರಸ್ಥಭೂಮಿಗೆ ಹೆಸರಿಟ್ಟವನು ಅವನೇ.

ಪಟ್ಟಿಯ ಗುಟ್ಟು ಸರಳ: ಉದ್ದಕ್ಕೆ ನೆಲ ಮುಟ್ಟುತ್ತೆ, ಭಾರ ಹಂಚಿಹೋಗುತ್ತೆ. ಬೆಲೆ ಕಟ್ಟಬೇಕಾಗಿದ್ದು ಬೇರೆ ಕಡೆ. ವೇಗ ಕಡಿಮೆ, ಸವೆಯೋ ಭಾಗ ಜಾಸ್ತಿ, ಬಿಡಿಭಾಗ, ಪೆಟ್ರೋಲ್ ಹೊರೋಕೆ ಹಿಂದೆ ದೊಡ್ಡ ಸರಂಜಾಮು. ಶ್ರೀಮಂತರಿಗೆ ಸರಿ. ಸಂಬಳದ ದುಡ್ಡಲ್ಲಿ, ರಜೆ ಹಾಕಿ ಮರುಭೂಮಿ ನೋಡೋರಿಗೆ?

4/9
ರಜೆ ಹಾಕಿ ಮರುಭೂಮಿಗೆ ಹೋದ ಆಫೀಸರ್

ಅಂಥವನೊಬ್ಬ ಇದ್ದ. ರಾಲ್ಫ್ ಬ್ಯಾಗ್ನಲ್ಡ್, ಹುಟ್ಟಿದ್ದು 1896. ಮೊದಲ ಮಹಾಯುದ್ಧದಲ್ಲಿ ಹೋರಾಡಿ, ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿ, 1926ರಲ್ಲಿ ಈಜಿಪ್ಟಿಗೆ ಪೋಸ್ಟಿಂಗ್ ಆಗಿ ಬಂದ ಬ್ರಿಟಿಷ್ ಸೇನಾಧಿಕಾರಿ. ಗೆಳೆಯರನ್ನು ಕಟ್ಟಿಕೊಂಡು ಮೊದಲು ಮಾಡೆಲ್ ಟಿ, ಆಮೇಲೆ ಫೋರ್ಡ್ ಮಾಡೆಲ್ ಎ ಗಾಡಿಗಳಲ್ಲಿ ಹೊರಟ.

ಅಷ್ಟರಲ್ಲಿ ಟೈರ್ ಲೋಕದಲ್ಲಿ ಒಂದು ಬದಲಾವಣೆ ಆಗಿತ್ತು. 1923ರಲ್ಲಿ ಅಮೆರಿಕದ ಫೈರ್‌ಸ್ಟೋನ್ ‘ಬಲೂನ್ ಟೈರ್’ ತಂತು. ಹೆಸರೇ ಹೇಳುತ್ತೆ: ದಪ್ಪ ಹೊಟ್ಟೆ, ಒಳಗೆ ಕಡಿಮೆ ಗಾಳಿ. ಮಾಡಿದ್ದು ಹಳ್ಳಕೊಳ್ಳದ ರಸ್ತೆಯಲ್ಲಿ ಕೂತವರ ಬೆನ್ನು ಉಳೀಲಿ ಅಂತ. ಮಾಡೆಲ್ ಎ ಬಂದಿದ್ದೇ ಇಂಥ ಟೈರ್ ಹಾಕ್ಕೊಂಡು, ಅಗಲ ನಾಲ್ಕೂವರೆ ಇಂಚು.

ಸುಖಕ್ಕೆ ಅಂತ ಮಾಡಿದ ಟೈರು ಮರುಭೂಮಿಯಲ್ಲಿ ಪ್ರಾಣ ಉಳಿಸೋ ಸಾಧನ ಆಯ್ತು. ಗಾಳಿ ಇನ್ನಷ್ಟು ಇಳಿಸಿದ್ರೆ ಟೈರು ಹರಡಿಕೊಂಡು ಮರಳಿನ ಮೇಲೆ ತೇಲುತ್ತೆ. 1929, 1930ರ ಯಾತ್ರೆಗಳಲ್ಲಿ ಬ್ಯಾಗ್ನಲ್ಡ್ ತಂಡ ಮಹಾ ಮರಳು ಸಮುದ್ರದ ದಿಬ್ಬಗಳನ್ನೇ ಹತ್ತಿತು. ಆಗೋದೇ ಇಲ್ಲ ಅಂದಿದ್ದ ಜಾಗದಲ್ಲಿ ಸಾಮಾನ್ಯ ಫೋರ್ಡ್ ಕಾರು!

5/9
ಎ4 ಹಾಳೆ ಲೆಕ್ಕ

ಫಿಸಿಕ್ಸ್ ಅಂದ್ರೆ ಓಡಿಹೋಗೋ ಫ್ರೆಂಡ್ಸ್, ಎರಡೇ ನಿಮಿಷ.

ಲಗೇಜ್ ಸೇರಿ 2,000 ಕಿಲೋ ತೂಗೋ ಗಾಡಿ. ನಾಲ್ಕು ಟೈರಿಗೆ ಹಂಚಿದ್ರೆ ತಲಾ 500 ಕಿಲೋ. ಈ ಭಾರವನ್ನು ಬಹುಪಾಲು ಹೊರೋದು ಒಳಗಿನ ಗಾಳಿ. 35 ಪಿಎಸ್‌ಐ ಅಂದ್ರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.46 ಕಿಲೋ. 500 ಭಾಗಿಸು 2.46: ಸುಮಾರು 203 ಚದರ ಸೆಂ.ಮೀ. ಎ4 ಹಾಳೆಯ ಮೂರನೇ ಒಂದು ಭಾಗ. ಒಂದು ಟೈರು ನೆಲ ಮುಟ್ಟೋದು ಅಷ್ಟೇ ಜಾಗದಲ್ಲಿ.

ಈಗ ಗಾಳಿಯನ್ನು 15ಕ್ಕೆ ಇಳಿಸಿ. ಸುಮಾರು 474 ಚದರ ಸೆಂ.ಮೀ. ಮುಕ್ಕಾಲು ಹಾಳೆ! ಟೈರಿನ ಗೋಡೆಯ ಬಿಗಿತ ಸೇರಿಸಿದ್ರೆ ನಿಜದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತೆ, ಆದ್ರೆ ದಿಕ್ಕು ಇದೇ.

ಇನ್ನೊಂದು ವಿಷಯ ಗಮನಿಸಿ. ಗಾಳಿ ಇಳಿಸಿದಾಗ ಈ ಗುರುತು ಅಗಲಕ್ಕಿಂತ ಉದ್ದಕ್ಕೇ ಹೆಚ್ಚು ಬೆಳೆಯುತ್ತೆ. ಅಂದ್ರೆ ಟೈರು ತಾನೇ ಒಂದು ಪುಟ್ಟ ಪಟ್ಟಿಯಾಗುತ್ತೆ. ಕೆಗ್ರೆಸ್ ಯಂತ್ರದಿಂದ ಮಾಡಿದ್ದನ್ನು ಬ್ಯಾಗ್ನಲ್ಡ್ ಗಾಳಿ ಬಿಟ್ಟು ಮಾಡಿದ. ಮುಂದೆ ಗಟ್ಟಿ ನೆಲ ಸಿಕ್ಕಾಗ ಮತ್ತೆ ಗಾಳಿ ತುಂಬಿದ್ರೆ ವೇಗವೂ ವಾಪಸ್.

6/9
ಟೈರು ಅರ್ಧ, ನೆಲ ಅರ್ಧ

ಆದ್ರೂ ಅವರು ಹೂತುಹೋದ್ರು. ಒಂದ್ಸಲ ಅಲ್ಲ, ಎಷ್ಟೋ ಸಲ. ಅದಕ್ಕೇ ಬ್ಯಾಗ್ನಲ್ಡ್ ಉಕ್ಕಿನ ಉದ್ದ ಪಟ್ಟಿಗಳನ್ನು ಜೊತೆಗಿಟ್ಟುಕೊಳ್ತಿದ್ದ. ಕೈರೋದ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ನೆಲಗೂಡುಗಳ ಮಾಡಿಗೆ ಅಂತ ಮಾಡಿದ್ದವು. ಚಕ್ರದ ಮುಂದೆ ಮರಳು ತೋಡಿ, ಇದನ್ನು ಹಾಸಿ, ಗಾಡಿ ಮೇಲೆ ಹತ್ತಿಸೋದು. ಇವತ್ತು ಜೀಪುಗಳ ಟಾಪ್ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ಹಲಗೆ ಕಟ್ಟಿರ್ತಾರಲ್ಲ, ಅದರ ಮುತ್ತಜ್ಜ ಇದು.

ಒಂದೇ ದಿಬ್ಬದಲ್ಲಿ ಒಂದು ಕಡೆ ಟೈರು ಜುಮ್ಮಂತ ಹೋಗುತ್ತೆ, ಹತ್ತು ಮಾರು ಆಚೆ ಅಚ್ಚುವರೆಗೂ ಹೂಳುತ್ತೆ. ಯಾಕೆ? ಈ ಪ್ರಶ್ನೆ ಅವನನ್ನು ಬಿಡಲೇ ಇಲ್ಲ. 1935ರಲ್ಲಿ ಸೇನೆಯಿಂದ ನಿವೃತ್ತಿಯಾಗಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಾಳಿ ಸುರಂಗ ಕಟ್ಟಿ ಮರಳು ಹಾರಿಸಿ ನೋಡಿದ. ಗಾಳಿ ಒಂದೊಂದೇ ಕಣ ತಂದು ಜೋಡಿಸಿದ ಕಡೆ ಮರಳು ಒತ್ತಾಗಿ ಗಟ್ಟಿ ಇರುತ್ತೆ. ದಿಬ್ಬದ ನೆತ್ತಿಯಿಂದ ಆಚೆ ಬದಿಗೆ ಜಾರಿ ಬಿದ್ದ ಮರಳು ಸಡಿಲ, ಕಾಲಿಟ್ಟರೆ ಕುಸಿಯುತ್ತೆ. ಕಣ್ಣಿಗೆ ಎರಡೂ ಒಂದೇ ಥರ, ಟೈರಿಗೆ ಅಲ್ಲ.

1941ರಲ್ಲಿ ಬಂದ ಅವನ ‘ಗಾಳಿಗೆ ಹಾರುವ ಮರಳಿನ ಭೌತಶಾಸ್ತ್ರ’ದ ಪುಸ್ತಕವನ್ನು ಮರುಭೂಮಿ ವಿಜ್ಞಾನಿಗಳು ಇವತ್ತೂ ತೆಗೆದು ನೋಡ್ತಾರೆ.

7/9
ಯುದ್ಧ ಕೇಳಿದ ಪ್ರಶ್ನೆ

1939ರಲ್ಲಿ ಬ್ಯಾಗ್ನಲ್ಡ್‌ನನ್ನು ಮತ್ತೆ ಸೇನೆಗೆ ಕರೆದ್ರು. ಪೂರ್ವ ಆಫ್ರಿಕಾಕ್ಕೆ ಹೊರಟಿದ್ದ ಹಡಗು ಮೆಡಿಟರೇನಿಯನ್‌ನಲ್ಲಿ ಡಿಕ್ಕಿಯಾಗಿ ಪೋರ್ಟ್ ಸೈದ್‌ನಲ್ಲಿ ರಿಪೇರಿಗೆ ನಿಂತಿತು. ಹಾಗೆ ಕೈರೋದಲ್ಲಿ ಇಳಿದವನನ್ನು ಜನರಲ್ ವೇವೆಲ್ ಅಲ್ಲೇ ಉಳಿಸಿಕೊಂಡ್ರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ಯಾಗ್ನಲ್ಡ್ ಯೋಜನೆ ಮುಂದಿಟ್ಟ, ವೇವೆಲ್ ಆರು ವಾರ ಕೊಟ್ರು. ಹೀಗೆ ಹುಟ್ಟಿದ್ದು ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್.

ಅವರ ಲಾರಿಗಳ ಟೈರ್ ಸೈಜ್ 10.50-16. ಅಗಲ ಹತ್ತೂವರೆ ಇಂಚು! ಮಾಡೆಲ್ ಟಿ ಟೈರಿನ ಮೂರು ಪಟ್ಟು.

1941ರಲ್ಲಿ ಅವರಿಗೆ ಫೋರ್ಡ್ ಎಫ್30 ಲಾರಿಗಳು ಬಂದ್ವು. ಇವು ಫೋರ್ ವೀಲ್ ಡ್ರೈವ್. ಖುಷಿಪಡಬೇಕಿತ್ತು ಅಲ್ವಾ? ಆದ್ರೆ ಭಾರ ಜಾಸ್ತಿ, ಪೆಟ್ರೋಲ್ ಕುಡಿಯೋದೂ ಜಾಸ್ತಿ. ಬಂಕ್ ಇಲ್ಲದ ಕಡೆ ಕುಡಿಯೋ ಪೆಟ್ರೋಲನ್ನೂ ಗಾಡಿಯೇ ಹೊರಬೇಕು, ಹೊತ್ತಷ್ಟೂ ಮತ್ತೆ ಭಾರ. 1942ರಲ್ಲಿ ಮತ್ತೆ ಟೂ ವೀಲ್ ಡ್ರೈವ್ ಷೆವರ್ಲೆಗೇ ವಾಪಸ್ ಹೋದ್ರು.

ನಮ್ಮವರೂ ಇದರಲ್ಲಿ ಇದ್ರು. ಭಾರತೀಯ ಕುದುರೆ ಪಡೆ ರೆಜಿಮೆಂಟ್‌ಗಳ ಸ್ವಯಂಸೇವಕರಿಂದ ಕಟ್ಟಿದ ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್ 1942ರಲ್ಲಿ ಈ ಗುಂಪಿನ ಜೊತೆ ಸೇರಿತು. ಕುದುರೆ ಪಡೆಯ ಹೆಸರು, ಸವಾರಿ ಮಾತ್ರ ಲಾರಿ.

ಅಲ್ಲಿ ಗಾಡಿ ಕಳ್ಕೊಳ್ಳೋದು ಅಂದ್ರೆ ಏನು ಗೊತ್ತಾ? ಮುರ್ಝುಕ್ ದಾಳಿ ಆದ ಮೇಲೆ, 1941ರ ಜನವರಿ 31ರಂದು ಜಬಲ್ ಶರೀಫ್ ಹತ್ತಿರ ಇಟಲಿಯವರು ಒಂದು ತುಕಡಿಯ ಮೇಲೆ ಬಿದ್ರು. ರೊನಾಲ್ಡ್ ಮೂರ್ ಮತ್ತು ಮೂವರು ಗಾಡಿಯಿಲ್ಲದೆ ಉಳಿದ್ರು. ಮೂರ್ ಪಾದಕ್ಕೆ ಗಾಯ. ಕೈಯಲ್ಲಿ ಎರಡು ಗ್ಯಾಲನ್ನಿಗೂ ಕಡಿಮೆ ನೀರು. ದಕ್ಷಿಣಕ್ಕೆ ನಡೆದ್ರು. ಹತ್ತು ದಿನ, ಸುಮಾರು 210 ಮೈಲಿ. ನಾಲ್ವರಲ್ಲಿ ಒಬ್ಬ ಉಳೀಲಿಲ್ಲ.

ಅವರ ಗಾಡಿ ಹೋಗಿದ್ದು ಗುಂಡಿನ ದಾಳಿಗೆ, ಟೈರಿನ ತಪ್ಪಿಗಲ್ಲ. ಆದ್ರೆ ಕೆಟ್ಟ ಟೈರು ತಂದು ನಿಲ್ಲಿಸೋದೂ ಇದೇ ಜಾಗಕ್ಕೆ: ನೀವು, ನೀರು, ಮತ್ತು ನಡಿಗೆ.

8/9
ಪಂಕ್ಚರ್ ಅಂಗಡಿ ಇಲ್ಲದ ಊರು

ಇದೇ ಪ್ರಶ್ನೆ ಮಂಗಳ ಗ್ರಹಕ್ಕೂ ಹೋಯ್ತು.

2009ರಲ್ಲಿ ನಾಸಾದ ಸ್ಪಿರಿಟ್ ರೋವರ್ ಮೇಲುನೋಟಕ್ಕೆ ಗಟ್ಟಿ ಅನ್ನಿಸಿದ ನೆಲದಲ್ಲಿ ಹೋಗ್ತಾ ಮೆತ್ತನೆ ಮಣ್ಣಲ್ಲಿ ಹೂತುಹೋಯ್ತು. ಮತ್ತೆ ಹೊರಗೆ ಬರಲೇ ಇಲ್ಲ. 2012ರಲ್ಲಿ ಇಳಿದ ಕ್ಯೂರಿಯಾಸಿಟಿಗೆ ತದ್ವಿರುದ್ಧ ಕಷ್ಟ. ಅದರ ಚಕ್ರ ಅಲ್ಯೂಮಿನಿಯಂ, ಹೊರ ತೊಗಲು ಮುಕ್ಕಾಲು ಮಿಲಿಮೀಟರ್ ಅಷ್ಟೇ. 2013ರ ಹೊತ್ತಿಗೆ ಚೂಪು ಕಲ್ಲುಗಳು ಅದರಲ್ಲಿ ತೂತು ಮಾಡಿದ್ವು. ಆಗ ನಾಸಾ ಎಂಜಿನಿಯರ್‌ಗಳು ಏನು ಮಾಡಿದ್ರು? ಸ್ಟೆಪ್ನಿ ಇಲ್ಲ, ದಾರಿ ಬದಲಿಸಿದ್ರು. 2014ರ ಫೆಬ್ರವರಿಯಲ್ಲಿ ಡಿಂಗೋ ಗ್ಯಾಪ್ ಅನ್ನೋ ಕಡೆ ಮರಳು ದಿಬ್ಬ ಹತ್ತಿಸಿ ಆಚೆ ಇಳಿಸಿದ್ರು. ಚಕ್ರಕ್ಕೆ ಕಲ್ಲಿಗಿಂತ ಮರಳೇ ವಾಸಿ ಅಂತ.

2021ರಲ್ಲಿ ಇಳಿದ ಪರ್ಸಿವರೆನ್ಸ್‌ಗೆ ಹೊಸ ಚಕ್ರ: ತೊಗಲು ದಪ್ಪ, ಅಗಲ ಸ್ವಲ್ಪ ಕಡಿಮೆ, ವ್ಯಾಸ ಸ್ವಲ್ಪ ಹೆಚ್ಚು, ಹಿಡಿತದ ಗೆರೆಗಳು 24ರ ಬದಲು 48.

ಅಂದಹಾಗೆ, 2015ರ ಕೊನೆಯಲ್ಲಿ ಕ್ಯೂರಿಯಾಸಿಟಿ ಹತ್ತಿರ ಹೋಗಿ ಅಧ್ಯಯನ ಮಾಡಿದ ಮರಳು ದಿಬ್ಬಗಳ ಹೆಸರು ಏನು ಗೊತ್ತಾ? ಬ್ಯಾಗ್ನಲ್ಡ್ ದಿಬ್ಬಗಳು.

9/9
ಹಾಗಾದ್ರೆ ನಿಮ್ಮ ಟ್ರಿಪ್‌ಗೆ?

‘ಯಾವ ಟೈರ್ ಬೆಸ್ಟ್?’ ಅಂತ ಯಾರಾದ್ರೂ ಕೇಳಿದ್ರೆ ವಾಪಸ್ ಮೂರು ಪ್ರಶ್ನೆ ಹಾಕಿ.

ಒಂದು: ನೆಲ ಯಾವುದು? ರೀಲ್ಸ್‌ನಲ್ಲಿ ಸಖತ್ತಾಗಿ ಕಾಣೋ ದಪ್ಪ ಗಡ್ಡೆಗಡ್ಡೆ ಎಂಟಿ ಟೈರು ಮಳೆಗಾಲದ ಕೆಸರಿಗೆ ಸರಿ. ಎರೆ ಮಣ್ಣು ಮೆತ್ತಿಕೊಂಡ್ರೂ ಆ ದೊಡ್ಡ ಸಂದುಗಳು ಅದನ್ನು ಉದುರಿಸ್ತವೆ. ಆದ್ರೆ ಮೆತ್ತನೆ ಮರಳಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಅವೇ ಗಡ್ಡೆಗಳು ಗುದ್ದಲಿ ಥರ ತೋಡಿ ನಿಮ್ಮನ್ನೇ ಹೂಳ್ತವೆ. ಕಲ್ಲಿನ ದಾರಿಗೆ ಗಟ್ಟಿ ಸೈಡ್‌ವಾಲ್ ಮುಖ್ಯ. ದೂರದ ಟ್ರಿಪ್‌ಗಳಲ್ಲಿ ಬಹುಪಾಲು ಟಾರು ರಸ್ತೆಯೇ ಇರೋದ್ರಿಂದ ಹೆಚ್ಚಿನವರಿಗೆ ಎಟಿ ಟೈರು ಸಾಕು.

ಎರಡು: ತೂಕ ಎಷ್ಟು? ಟೆಂಟು, ನೀರು, ಪೆಟ್ರೋಲ್ ಕ್ಯಾನು, ನಾಲ್ಕು ಜನ. ಟೈರಿನ ಮೇಲೆ ಬರೆದಿರೋ ಲೋಡ್ ನಂಬರ್ ಇದನ್ನೆಲ್ಲ ತಡೆಯುತ್ತಾ ನೋಡಿ. ಅಗಲ ಬೇಕೇ ಬೇಕು ಅನ್ನೋರಿಗೆ ಒಂದು ಮಾತು: ಈಗಿನ 265 ಟೈರಿನ ಅಗಲ 265 ಮಿ.ಮೀ., ಅಂದ್ರೆ ಸುಮಾರು 10.4 ಇಂಚು. ಮುರ್ಝುಕ್‌ಗೆ ಹೋದ ಲಾರಿ ಟೈರಿನಷ್ಟೇ ಹೆಚ್ಚುಕಡಿಮೆ, ಅದು ಎತ್ತರದಲ್ಲಿ ಮಾತ್ರ ದೊಡ್ಡದು.

ಮೂರು: ಸಹಾಯ ಎಷ್ಟು ದೂರ? ಅಪರೂಪದ ಸೈಜ್ ಹಾಕ್ಸಿದ್ರೆ ಸಣ್ಣ ಊರಲ್ಲಿ ಬದಲಿ ಸಿಗಲ್ಲ. ಸ್ಟೆಪ್ನಿ ಕೂಡ ಅದೇ ಸೈಜ್ ಇರಲಿ. ಆ ಪದದ ಕಥೆ ಗೊತ್ತಾ? ವೇಲ್ಸ್‌ನ ಲಾನೆತ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಡೇವಿಸ್ ಅಣ್ಣತಮ್ಮ ಮಾಡಿದ ಬದಲಿ ಚಕ್ರದ ಹೆಸರು ಅದು. ಬೀದಿಯ ಹೆಸರು ನಮ್ಮ ಡಿಕ್ಕಿಯಲ್ಲಿ ಕೂತಿದೆ!

ಕೊನೆಯದಾಗಿ, ಹೊಸ ಟೈರಿಗೆ ಮೊದಲು ಗಾಳಿ ನೋಡೋ ಗೇಜು ಮತ್ತು ಕಂಪ್ರೆಸರ್ ತಗೊಳ್ಳಿ. ಮರಳಲ್ಲಿ ಗಾಳಿ ಇಳಿಸಿ, ನಿಧಾನ ಹೋಗಿ, ಜೋರಾಗಿ ತಿರುಗಿಸಬೇಡಿ, ಟೈರು ರಿಮ್‌ನಿಂದ ಕಳಚಬಹುದು. ಟಾರು ಸಿಕ್ಕ ತಕ್ಷಣ ಮತ್ತೆ ಹೊಡೀರಿ. ಗಾಳಿ ಕಡಿಮೆ ಇಟ್ಟು ಹೈವೇಯಲ್ಲಿ ಓಡಿಸಿದ್ರೆ ಸೈಡ್‌ವಾಲ್ ಬಳುಕಿ ಬಳುಕಿ ಕಾದು ಒಡೆಯುತ್ತೆ.

ಬ್ಯಾಗ್ನಲ್ಡ್ ಹತ್ರ ಇದ್ದದ್ದು ಅಂಗಡಿಯಲ್ಲಿ ಸಿಗೋ ಫೋರ್ಡ್ ಕಾರು. ದಾರಿ ತೋರಿಸಿದ್ದು ನೆಲ ಓದೋ ಕಣ್ಣು.

ಸೇವ್ ಮಾಡ್ಕೊಳ್ಳಿ, ಟ್ರಿಪ್ ಗ್ಯಾಂಗಿಗೆ ಕಳಿಸಿ. ನಿಮ್ಮ ಗಾಡಿಯ ಟೈರ್ ಸೈಜ್ ಏನು? ಕೆಳಗೆ ಹಾಕಿ, ಓದೋದು ಹೇಗೆ ಅಂತ ಒಟ್ಟಿಗೆ ನೋಡೋಣ.

#ಟೈರಿನಕಥೆ #ಮರುಭೂಮಿ #ಇತಿಹಾಸ #ಲಾಂಗ್‌ಟ್ರಿಪ್ #ಕನ್ನಡದಲ್ಲಿ