ಸಾಗರ ವಿಧಾನಸಭಾ ಕ್ಷೇತ್ರ: ಗೇಣಿಯ ಪ್ರಶ್ನೆ ಮತ್ತು ಮತದಾನ

1952ರ ಮಹಾಚುನಾವಣೆಯಲ್ಲಿ ಅಂದಿನ ಮೈಸೂರು ವಿಧಾನಸಭೆಯ 99 ಸ್ಥಾನಗಳ ಪೈಕಿ 74 ಕಾಂಗ್ರೆಸ್ಸಿನ ಪಾಲಾದುವು. ಹೀಗಿದ್ದೂ ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಚುನಾಯಿತರಾದರು. ಅವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಅವರ ಊರಾದರೋ ತೀರ್ಥಹಳ್ಳಿಯ ಕಡೆಯದು. ಹೊರಗಿನವರೊಬ್ಬರನ್ನು ಸಾಗರದ ಜನ ಆರಿಸಿದುದಕ್ಕೆ ಕಾರಣವನ್ನು ನಾವು ಕಾಗೋಡಿನ ಗದ್ದೆಗಳಲ್ಲಿ ಅರಸಬೇಕಾಗುತ್ತದೆ.

ಕಾಗೋಡಿನಲ್ಲಿ ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗವು ವಾಡಿಕೆಯ ಕೊಳಗಕ್ಕಿಂತ ದೊಡ್ಡದು. ಗೇಣಿದಾರರು, ಅವರಲ್ಲಿ ಬಹುಮಂದಿ ದೀವರು, ಇದನ್ನು ಪ್ರಶ್ನಿಸಲು ಜಮೀನಿನಿಂದ ಅವರನ್ನು ಬಿಡಿಸಲಾಯಿತು. ಎಚ್. ಗಣಪತಿಯಪ್ಪನವರು ಸಂಘಟಿಸಿದ್ದ ಈ ರೈತರು 1951ರ ಏಪ್ರಿಲಿನಲ್ಲಿ ನೇಗಿಲು ಹಿಡಿದು ಗದ್ದೆಗಿಳಿದು ಬಂಧಿತರಾದರು. ಸಮಾಜವಾದಿಗಳು ಬೆಂಬಲಕ್ಕೆ ನಿಂತರು. ಜೂನಿನಲ್ಲಿ ಬಂದ ರಾಮಮನೋಹರ ಲೋಹಿಯಾ ಅವರೂ ಸೆರೆಯಾದರು. ಮರುವರ್ಷದ ಮತಪೆಟ್ಟಿಗೆಯನ್ನು ಈ ಕೊಳಗದಿಂದ ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲವೆಂದು ನಮ್ಮ ಅಭಿಪ್ರಾಯ.

ಆದರೆ ಇದನ್ನು ರೈತರ ಪೂರ್ಣವಿಜಯವೆಂದು ಬಗೆಯಲಾಗದು. ಅದೇ ಚುನಾವಣೆಯಲ್ಲಿ ಶಿವಮೊಗ್ಗೆಯಿಂದ ಲೋಕಸಭೆಗೆ ಆಯ್ಕೆಯಾದವರು ಕಾಗೋಡಿನ ಭೂಮಾಲಿಕರೇ ಆದ ಕಾಂಗ್ರೆಸ್ಸಿನ ಕೆ. ಜಿ. ಒಡೆಯರು. ಲೋಕಸಭಾ ಕ್ಷೇತ್ರ ವಿಶಾಲವಾದುದು, ಅಲ್ಲಿ ಕೊಳಗದ ಜಗಳ ಎಲ್ಲರದೂ ಆಗಿರಲಿಲ್ಲ, ನಿಜ. ಆದರೂ ಗೇಣಿದಾರರ ಪಕ್ಷದವರು ಬೆಂಗಳೂರಿಗೂ ಜಮೀನಿನ ಒಡೆಯರು ದಿಲ್ಲಿಗೂ ಏಕಕಾಲದಲ್ಲಿ ಹೊರಟ ಈ ಸಂಗತಿಗೆ ಚರಿತ್ರಕಾರರು ತಕ್ಕಷ್ಟು ಗಮನವಿತ್ತಿಲ್ಲ. ಉಳುವವನಿಗೆ ಮತ ಮೊದಲು ಬಂದಿತು, ಭೂಮಿ ಬರಲಿಲ್ಲ. ಗೇಣಿಪದ್ಧತಿಯನ್ನು ಕೊನೆಗಾಣಿಸಿದ ತಿದ್ದುಪಡಿ ಜಾರಿಗೆ ಬಂದುದು 1974ರಲ್ಲಿ, ಎಂದರೆ 22 ವರ್ಷಗಳ ಮೇಲೆ. ಗೋಪಾಲಗೌಡರು 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು, 1972ರಲ್ಲಿ ತೀರಿಕೊಂಡಿದ್ದರು.

ಅದೇ 1972ರಲ್ಲಿ ಸಾಗರದಿಂದ ಸಮಾಜವಾದಿಯಾಗಿ ಗೆದ್ದ ಕಾಗೋಡು ತಿಮ್ಮಪ್ಪನವರು ಮುಂದೆ ಕಾಂಗ್ರೆಸ್ಸನ್ನು ಸೇರಿ 1989, 1994, 1999 ಹಾಗೂ 2013ರಲ್ಲಿ ಆಯ್ಕೆಯಾದರು. ಸತ್ಯಾಗ್ರಹದ ಊರಿನ ಹೆಸರು ಹೀಗೆ ಒಮ್ಮೆ ತನ್ನ ಎದುರಾಳಿಯಾಗಿದ್ದ ಪಕ್ಷದ ಪಟ್ಟಿಯಲ್ಲಿಯೇ ನಿಂತಿತು. 2004 ಮತ್ತು 2008ರಲ್ಲಿ ಭಾರತೀಯ ಜನತಾ ಪಕ್ಷದಿಂದ ಗೆದ್ದ ಬೇಳೂರು ಗೋಪಾಲಕೃಷ್ಣರು 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ಪಕ್ಷಕ್ಕಿಂತ ವ್ಯಕ್ತಿ ಇಲ್ಲಿ ಹೆಚ್ಚು ಕಾಲ ಬಾಳಿದಂತೆ ತೋರುತ್ತದೆ.

ವ್ಯಕ್ತಿಗಿಂತಲೂ ಹೆಚ್ಚು ಬಾಳಿದುದು ಭೂಮಿಯ ಪ್ರಶ್ನೆ. ಗೇಣಿ ಹೋಯಿತು, ಆದರೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಊರನ್ನೊಪ್ಪಿಸಿ ಎದ್ದುಬಂದ ಕುಟುಂಬಗಳ ಹಕ್ಕುಪತ್ರದ ಬೇಡಿಕೆ 2023ರ ಚುನಾವಣೆಯಲ್ಲಿಯೂ ಕೇಳಿಬಂದಿತು.