ಗೋಡೆಯೊಳಗಿನ ಒಂದೂವರೆ ಅಡಿ

ತರಗತಿಯಲ್ಲಿ ಇತಿಹಾಸ ಹೇಳುತ್ತ ಶಿವನಸಮುದ್ರಕ್ಕೆ ಬಂದೆನೆಂದರೆ ನನಗೆ ಗಂಟೆ ಹೊಡೆದದ್ದೂ ಕೇಳಿಸುವುದಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಕೆಲಸ. 1902ರಲ್ಲಿ ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋದದ್ದು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು, ಎಲ್ಲವನ್ನೂ ಬಾಯಿಪಾಠದಂತೆ ಹೇಳುತ್ತೇನೆ. ಆದರೆ ಕಂಬದಿಂದ ಇಳಿದ ತಂತಿ ಮನೆಯ ಗೋಡೆಯನ್ನು ಹೇಗೆ ದಾಟಿತು ಎಂಬುದು ನಮ್ಮ ಪಠ್ಯಪುಸ್ತಕದಲ್ಲಿಲ್ಲ. ನಮ್ಮ ಮನೆಯ ಚರಿತ್ರೆಯಲ್ಲಿ ಮಾತ್ರ ಅದೇ ದೊಡ್ಡ ಅಧ್ಯಾಯ.

ಜೋಗದ ವಿದ್ಯುದಾಗಾರ 1948ರಲ್ಲೇ ಶುರುವಾಗಿದ್ದರೂ, ಸಾಗರದ ಕಡೆಯ ನಮ್ಮೂರಿಗೆ ಕರೆಂಟು ಬಂದದ್ದು 1979ರಲ್ಲಿ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ವೈರಿಂಗಿನವನು ಮರದ ಪಟ್ಟಿ ಹೊಡೆದು, ತಗಡಿನ ಕ್ಲಿಪ್ಪಿನಲ್ಲಿ ವೈರು ಕೂರಿಸಿ, ಗೋಡೆ ದಾಟುವಲ್ಲಿ ಒಂದು ಕಬ್ಬಿಣದ ಪೈಪಿನ ತುಂಡು ತೂರಿಸಿದ. ಬರಿ ವೈರನ್ನೇ ಮಣ್ಣಿನಲ್ಲಿ ಹೂತರೆ ಇಲಿ ಕಡಿಯುತ್ತದೆ, ತೇವ ಹಿಡಿಯುತ್ತದೆ, ಕ್ಯಾಲೆಂಡರಿಗೆಂದು ಹೊಡೆದ ಮೊಳೆ ಇಳಿಯುತ್ತದೆ. ಅದಕ್ಕೇ ಪೈಪು.

ಈ ಉಪಾಯ ಹಳೆಯದು. ಇಂಗ್ಲೆಂಡಿನಲ್ಲಿ ಗ್ಯಾಸ್ ದೀಪ ಹೋಗಿ ವಿದ್ಯುತ್ ದೀಪ ಬಂದಾಗ, ಬಿಟ್ಟುಹೋದ ಗ್ಯಾಸ್ ಕೊಳವೆಗಳೊಳಗೇ ತಂತಿ ಎಳೆದದ್ದುಂಟು. ಅಮೆರಿಕದ ಮರದ ಮನೆಗಳಲ್ಲಿ ಪಿಂಗಾಣಿಯ ನಳಿಗೆ ಇರುತ್ತಿತ್ತು. ನಮ್ಮಲ್ಲಿ ಹಳೆಯ ಕಟ್ಟಡಗಳ ಗೋಡೆ ಮೇಲೆ ಎರಡು ಗಾಡಿಯ ಮರದ ಪಟ್ಟಿ, ಅದಕ್ಕೊಂದು ಮರದ ಮುಚ್ಚಳ ಈಗಲೂ ಕಾಣಸಿಗುತ್ತದೆ. ಒಳಗೆ ರಬ್ಬರಿನ ಮೇಲೆ ಹತ್ತಿಯ ನೂಲು ಹೆಣೆದ ವೈರು. ಮರಕ್ಕೆ ಗೆದ್ದಲು, ಬೆಂಕಿ ಎರಡರ ಭಯವೂ ಇತ್ತು. ಉಕ್ಕಿನ ಪೈಪಿಗೆ ಎರಡೂ ಇಲ್ಲ. ಪೈಪು ಬಂದಮೇಲೆ ಇನ್ನೇನು ಚಿಂತೆ ಎಂದು ಅಪ್ಪಯ್ಯ ತಿಳಿದಿದ್ದರು.

1983ರ ಆಷಾಢ. ಹೊರಗೆ ಒಂದು ಗೇಣು ಚಾಚಿಕೊಂಡಿದ್ದ ಆ ಪೈಪಿಗೇ ಯಾರೋ ಬಟ್ಟೆ ಒಣಹಾಕುವ ತಂತಿ ಕಟ್ಟಿದ್ದರು. (ಯಾರೋ ಅಂದರೆ ನಾವೇ, ಮನೆಯಲ್ಲಿ ಯಾರೂ ಒಪ್ಪಿಕೊಳ್ಳಲಿಲ್ಲ.) ಅಮ್ಮ ಒದ್ದೆ ಸೀರೆ ಹರವಲು ಕೈ ಎತ್ತಿದವಳು ಕೂಗಲೂ ಆಗದೆ ಹಾಗೇ ನಿಂತಳು. ಕೈ ತಂತಿಯನ್ನು ಬಿಡುತ್ತಿರಲಿಲ್ಲ. ನಾನು ಓಡಿ ಹಿಡಿಯಲು ಹೋದಾಗ ಅಜ್ಜಿ ನನ್ನ ಜಡೆ ಹಿಡಿದು ಹಿಂದಕ್ಕೆಳೆದರು. ಅಪ್ಪಯ್ಯ ಫ್ಯೂಸು ಕಿತ್ತರು. ಅಮ್ಮ ಬದುಕಿದಳು, ಬಲಗೈಯ ಎರಡು ಬೆರಳು ಮತ್ತೆ ಮಡಚಲು ಬರಲಿಲ್ಲ.

ಮರುದಿನ ಪೇಟೆಯಿಂದ ಬಂದ ವಯಸ್ಸಾದ ವೈರ್‌ಮನ್ ಒಬ್ಬರು ಪೈಪನ್ನು ಎಳೆದು ಅದರ ಬಾಯಿ ತೋರಿಸಿದರು. ಗರಗಸದಿಂದ ಕೊಯ್ದ ಅಂಚು ಹಾಗೇ ಇತ್ತು, ಬ್ಲೇಡಿನಂತೆ. ನಾಲ್ಕು ಮಳೆಗಾಲ ಗಾಳಿಗೆ ವೈರು ಅಲುಗಿ ಅಲುಗಿ ಮೇಲಿನ ಹೊದಿಕೆ ಕೊಯ್ದುಹೋಗಿತ್ತು. “ಅರ ಹಾಕಿ ಉಜ್ಜಬೇಕಿತ್ತು ತಂಗೀ, ಬಾಯಿಗೊಂದು ಬುಷ್ ಹಾಕಬೇಕಿತ್ತು. ಎಲ್ಲಕ್ಕಿಂತ ಮೊದಲು ಪೈಪಿಗೆ ಅರ್ತ್ ಕೊಡಬೇಕಿತ್ತು,” ಎಂದರು. ಅರ್ತ್ ಸರಿಯಾಗಿದ್ದರೆ ಒಳಗಿನ ತಂತಿ ಪೈಪಿಗೆ ತಗುಲಿದ ಕೂಡಲೇ ಜೋರು ಕರೆಂಟು ನೆಲಕ್ಕೆ ಹರಿದು ಫ್ಯೂಸು ಸುಟ್ಟುಹೋಗುತ್ತದೆ. ಇಲ್ಲದಿದ್ದರೆ ಕಾಯಬೇಕಾದ ಕಬ್ಬಿಣವೇ ಸದ್ದಿಲ್ಲದೆ ಕಾದು ಕೂರುತ್ತದೆ. ಹೋಗುವ ತಂತಿ, ಬರುವ ತಂತಿ ಎರಡೂ ಒಂದೇ ಪೈಪಿನಲ್ಲಿರಬೇಕು, ಒಂದೇ ತಂತಿ ಹಾಕಿದರೆ ಕಬ್ಬಿಣ ಬಿಸಿಯೇರುತ್ತದೆ ಎಂದೂ ಅವರೇ ಹೇಳಿದರು. ಅದರ ಕಾರಣ ನನಗೆ ತಿಳಿದದ್ದು ಕಾಲೇಜಿನಲ್ಲಿ, ವಿಜ್ಞಾನ ಓದುತ್ತಿದ್ದ ಗೆಳತಿಯಿಂದ. ಬುಷ್ ಎಂದು ಅವರು ಹಾಕಿದ ರಬ್ಬರಿನ ಉಂಗುರ ಅಮ್ಮನ ಕಾಲುಂಗುರಕ್ಕಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೆ.

ಈಗ ಹೊಸ ಮನೆಗಳಲ್ಲಿ ಹೆಚ್ಚಾಗಿ ಪಿವಿಸಿ ಪೈಪು. 30 ಮಿಲಿಆಂಪಿಯರ್ ಸೋರಿದರೂ ಸಂಪರ್ಕ ಕಡಿಯುವ ಸಾಧನವೂ ಬಂದಿದೆ. ಆದರೂ ಹೋದ ವರ್ಷ ನಮ್ಮ ಶಾಲೆಯ ಗೋಡೆ ಕೊರೆದು ಕಬ್ಬಿಣದ ಪೈಪು ಕೂರಿಸಿದಾಗ, ವೈರು ತೂರಿಸುವ ಮೊದಲೇ ಹೋಗಿ ಅದರ ಬಾಯೊಳಗೆ ಬೆರಳಾಡಿಸಿದೆ. ಬೆರಳು ಗೀರಿತು. “ಇದನ್ನೆಲ್ಲ ಯಾರು ನೋಡ್ತಾರೆ ಮೇಡಂ,” ಎಂದು ಆ ಹುಡುಗ ನಕ್ಕ. ಬೆರಳು ತೋರಿಸಿದೆ. ಚೀಲ ತಡಕಾಡಿದ, ಬುಷ್ ಇರಲಿಲ್ಲ; ಸೈಕಲ್ ಹತ್ತಿ ಪೇಟೆಗೆ ಹೋದ. ಅವನು ಬರುವವರೆಗೆ ಆರನೇ ತರಗತಿಯ ಮಕ್ಕಳನ್ನು ಆ ಗೋಡೆಯ ಹತ್ತಿರ ಬಿಡದೆ ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ.