ರಾಜಧಾನಿಯಲ್ಲಿ ಅರ್ಧ ದಿನ ಉಳಿದರೆ: ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯಗಳು

ವಿಧಾನಸೌಧ, ಹೈಕೋರ್ಟು, ಆಸ್ಪತ್ರೆ ಎಂದು ಬೆಂಗಳೂರಿಗೆ ಬರುವ ಜಿಲ್ಲೆಗಳ ಜನರಿಗೆ ಕೆಲಸ ಬೇಗ ಮುಗಿದರೆ ಲಾಲ್‌ಬಾಗ್ ನೆನಪಾಗುತ್ತದೆ, ಇಲ್ಲವೇ ಯಾವುದಾದರೂ ಮಾಲ್. ಕಬ್ಬನ್ ಉದ್ಯಾನದ ಅಂಚಿನ ಕಸ್ತೂರಬಾ ರಸ್ತೆ ನೆನಪಾಗುವುದು ವಿರಳ. ಅಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ ಹಾಗೂ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯಗಳು ಅಕ್ಕಪಕ್ಕದಲ್ಲಿವೆ. 2023ರಲ್ಲಿ ಅದೇ ರಸ್ತೆಯಲ್ಲಿ 'ಮ್ಯಾಪ್' ಎಂಬ ಖಾಸಗಿ ಕಲಾ ಸಂಗ್ರಹಾಲಯವೂ ತೆರೆಯಿತು.

ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಹಟ ಬೇಡ. ಹಾಗೆ ಹೊರಟವರಿಗೆ ಕಾಲುನೋವಿನ ಹೊರತು ಬೇರೇನೂ ದಕ್ಕುವುದಿಲ್ಲ.

ಸರ್ಕಾರಿ ವಸ್ತುಸಂಗ್ರಹಾಲಯ ಆರಂಭವಾದದ್ದು 1865ರಲ್ಲಿ. ಮದರಾಸಿನ ಸಂಗ್ರಹಾಲಯವನ್ನು ಕಟ್ಟಿದ್ದ ಎಡ್ವರ್ಡ್ ಬಾಲ್ಫೋರ್ ಇದಕ್ಕೂ ಪ್ರೇರಕರು. ಈಗಿನ ಕೆಂಪು ಕಟ್ಟಡ 1877ರದು. ಇಲ್ಲಿನ ಸಂಗ್ರಹದಲ್ಲಿ ಕನ್ನಡಿಗರು ಹುಡುಕಿಕೊಂಡು ಹೋಗಬೇಕಾದ ಕಲ್ಲೊಂದಿದೆ: ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಕಾಲ ಸುಮಾರು ಕ್ರಿ.ಶ. 950. ರಾಷ್ಟ್ರಕೂಟ ಮೂರನೆಯ ಕೃಷ್ಣ ಹಾಗೂ ಗಂಗ ಬೂತುಗ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಆದರೆ ಕಲ್ಲನ್ನು ನೆಟ್ಟಿದ್ದು ಕಾಳಿ ಎಂಬ ಬೇಟೆನಾಯಿಗಾಗಿ! ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ, 'ಬೇಕಾದುದನ್ನು ಬೇಡು' ಎಂಬ ಮಾತಿಗೆ ಊರನ್ನಾಗಲೀ ಹೊನ್ನನ್ನಾಗಲೀ ಕೇಳದೆ ಆ ನಾಯಿಯನ್ನು ಕೇಳಿ ಪಡೆದ. ಮುಂದೆ ಅದು ದೊಡ್ಡ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟದ್ದಲ್ಲದೆ, ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲೆಂಬ ಎಚ್ಚರಿಕೆಯನ್ನೂ ಬರೆಸಿದ್ದಾರೆ. ಈ ಕಥೆ ತಿಳಿಯದವರಿಗೆ ಅದು ಅಕ್ಷರ ತುಂಬಿದ ಮತ್ತೊಂದು ಕಲ್ಲು ಅಷ್ಟೆ. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಪಾಠ ದೊರೆಯುತ್ತದೆ; ಮೊದಲೇ ಓದಿಕೊಂಡು ಹೋಗುವುದು ಲೇಸು. ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ಬೇಗೂರಿನ ವೀರಗಲ್ಲನ್ನೂ ಮರೆಯದೆ ನೋಡಬೇಕು.

ಪಕ್ಕದ ಚಿತ್ರಶಾಲೆಗೆ ಹೆಸರಾದ ಕೆ. ವೆಂಕಟಪ್ಪನವರು (ನಿಧನ 1965) ಮೈಸೂರು ಅರಸರ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರಲ್ಲಿ ಕಲಿತವರು, ವೀಣೆಯನ್ನೂ ಬಲ್ಲವರು. ಉದಕಮಂಡಲದ ಮಂಜು, ಬೆಳಕುಗಳನ್ನು ಹಿಡಿದಿರುವ ಅವರ ಜಲವರ್ಣ ಚಿತ್ರಗಳು ಗಾತ್ರದಲ್ಲಿ ದೊಡ್ಡವಲ್ಲ. ಸಮೀಪದಲ್ಲಿ ನಿಂತು ನೋಡಬೇಕು.

ಮಕ್ಕಳು ಜೊತೆಗಿದ್ದರೆ ವಿಶ್ವೇಶ್ವರಯ್ಯ ಸಂಗ್ರಹಾಲಯವನ್ನು ಕೊನೆಗಿರಿಸಿಕೊಳ್ಳಿ. ಮೊದಲು ಹೊಕ್ಕರೆ ಅವರನ್ನು ಹೊರಗೆ ತರುವುದು ಕಷ್ಟ.

ಇನ್ನೊಂದು ದಿನ ಸಿಕ್ಕಿದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಹಾಗೂ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತನ್ನು ನೋಡಬಹುದು. ಪರಿಷತ್ತಿನಲ್ಲಿ ರೋರಿಕ್‌ರ ಚಿತ್ರಗಳಷ್ಟೇ ತೊಗಲುಗೊಂಬೆಗಳೂ ಗಮನಾರ್ಹ.

ಸರ್ಕಾರಿ ವಸ್ತುಸಂಗ್ರಹಾಲಯ, ಆಧುನಿಕ ಕಲಾ ಸಂಗ್ರಹಾಲಯ ಮತ್ತು ಮ್ಯಾಪ್‌ಗೆ ಸೋಮವಾರ ರಜೆ. ದುರಸ್ತಿಗಾಗಿ ಕೊಠಡಿಗಳನ್ನು ಮುಚ್ಚುವುದೂ ಉಂಟು. ದೂರದಿಂದ ಬರುವವರು ದೂರವಾಣಿ ಮೂಲಕ ವಿಚಾರಿಸಿಕೊಂಡೇ ಹೊರಡುವುದು ಉತ್ತಮ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಕಸ್ತೂರಬಾ ರಸ್ತೆಗೆ ನಡೆದೇ ಹೋಗಬಹುದು.